ಬೋಟಲ್ಲಿ ಎಲ್ಲೇನಿದೆ: 31 ಲಾಕರ್‌ಗಳ ಲೆಕ್ಕ ಹಿಡಿದ ಕಥೆ

ಇಂಜಿನ್ ಬಿಸಿ ಆದಾಗ ಹೊಡ್ಕೊಳ್ಳೋ ಅಲಾರಂ ಶುರುವಾದಾಗ ನಾನು ಚುಕ್ಕಾಣಿ ಹತ್ರ ಇದ್ದೆ, ತಮ್ಮ ಕೆಳಗೆ ಕ್ಯಾಬಿನ್ನಲ್ಲಿದ್ದ. ಹಿಂದೆ ಬಗ್ಗಿ ನೋಡಿದ್ರೆ ಎಕ್ಸಾಸ್ಟ್ ಪೈಪಿಂದ ನೀರೇ ಬರ್ತಿಲ್ಲ, ಬರೀ ಹಬೆ. ಇಂಜಿನ್ ತಂಪು ಮಾಡೋಕೆ ಸಮುದ್ರದ ನೀರು ಎಳೆಯೋ ಪಂಪಿನ ಇಂಪೆಲರ್ (ಒಳಗೆ ತಿರುಗೋ ರಬ್ಬರ್ ರೆಕ್ಕೆಗಳ ಚಕ್ರ) ಹೋಗಿದೆ ಅಂತ ಇಬ್ಬರಿಗೂ ಆಗಲೇ ಗೊತ್ತಾಗೋಯ್ತು. ಇಂಜಿನ್ ಆಫ್ ಮಾಡಿ, ಮುಂದಿನ ಹಾಯಿ ಬಿಚ್ಚಿ, ಇದ್ದ ಸಣ್ಣ ಗಾಳಿಲೇ ದಡದಿಂದ ದೂರ ಹೋಗೋ ಹಾಗೆ ಮೂತಿ ತಿರುಗಿಸಿದೆ. ಸ್ಪೇರ್ ಇಂಪೆಲರ್ ಇದೆ ಅನ್ನೋದ್ರಲ್ಲಿ ಡೌಟೇ ಇರ್ಲಿಲ್ಲ, ಎರಡು ತಂದಿಟ್ಟವನು ನಾನೇ. ಎಲ್ಲಿಟ್ಟಿದೀವಿ ಅನ್ನೋದೇ ಪ್ರಶ್ನೆ. "ಅಣ್ಣಾ, ಹಳದಿ ಡಬ್ಬೀಲಿದೆ ಕಣೋ, ಮೊನ್ನೆ ತಾನೇ ನೋಡಿದೀನಿ" ಅಂದ. ಬೋಟಲ್ಲಿ ಹಳದಿ ಡಬ್ಬಿ ಮೂರಿದ್ವು. ಮೂರರಲ್ಲೂ ಇರ್ಲಿಲ್ಲ. 50 ನಿಮಿಷ ಹುಡುಕಿದ್ವಿ, ಹಾಸಿಗೆ ಎತ್ತಿ, ನೆಲದ ಹಲಗೆ ಎತ್ತಿ, ಬೋಟು ಹೊಯ್ದಾಡ್ತಾ ಇರೋವಾಗ ಎಲ್ಲಾ ಸಾಮಾನು ಕ್ಯಾಬಿನ್ ತುಂಬಾ ಉರುಳಾಡ್ತಾ. ಕೊನೆಗೆ ಸಿಕ್ಕಿದ್ದು ಮೂತಿ ಕಡೆ ಮಲಗೋ ಹಲಗೆ ಕೆಳಗೆ, ಹೊಲಿಗೆ ಸಾಮಾನಿನ ಚೀಲದೊಳಗೆ. ಒಂದೇ ಒಂದು. ಎರಡನೇದನ್ನ ಹಿಂದಿನ ವರ್ಷವೇ ಬಳಸಿಬಿಟ್ಟಿದ್ವಿ, ಯಾರೂ ಬರೆದಿಟ್ಟಿರ್ಲಿಲ್ಲ. ಜೊತೆಗೆ ಗ್ಯಾಸ್ಕೆಟ್ (ನೀರು ಸೋರದ ಹಾಗೆ ಪಂಪಿನ ಮುಚ್ಚಳದ ಕೆಳಗೆ ಇಡೋ ತೆಳು ಪದರ) ಇರ್ಲಿಲ್ಲ, ಅದನ್ನ ಗ್ಯಾಸ್ಕೆಟ್ ಪೇಪರಲ್ಲಿ ಕತ್ತರಿಸಿ ಮಾಡ್ಕೊಬೇಕಾಯ್ತು, ಆ ಪೇಪರ್ ಹುಡುಕೋಕೆ ಇನ್ನೊಂದು 20 ನಿಮಿಷ.

ಹಳೇ ಇಂಪೆಲರ್ ಬಿಚ್ಚಿದಾಗ 6 ರೆಕ್ಕೆಯಲ್ಲಿ 2 ಮುರಿದುಹೋಗಿದ್ವು. ಇದು ಯಾರಿಗಾದ್ರೂ ಆದ್ರೆ ಆ ಮುರಿದ ರಬ್ಬರ್ ಚೂರು ಎಲ್ಲಿ ಹೋಯ್ತು ಅಂತ ದಯವಿಟ್ಟು ಹುಡುಕಿ, ಅವು ನೀರಿನ ಜೊತೆ ಹೋಗಿ, ಇಂಜಿನ್ನಿನ ಬಿಸಿಯನ್ನ ಸಮುದ್ರದ ನೀರಿಗೆ ಬಿಡೋ ಹೀಟ್ ಎಕ್ಸ್‌ಚೇಂಜರ್ ಬಾಯಲ್ಲಿ ಸಿಕ್ಕಾಕೊಂಡು ಹೊಸ ಇಂಪೆಲರ್ ಹಾಕಿದ್ರೂ ಇಂಜಿನ್ ಬಿಸಿ ಆಗ್ತಾನೇ ಇರತ್ತೆ. ನಮ್ಮದು ಎರಡೂ ಅಲ್ಲೇ ಸಿಕ್ತು.

ಅವತ್ತು ರಾತ್ರಿ ಲಂಗರು ಹಾಕಿದ ಮೇಲೆ ಇಬ್ಬರೂ ಕೂತು ತೀರ್ಮಾನ ಮಾಡಿದ್ವಿ, ಈ ಬೋಟಲ್ಲಿರೋ ಪ್ರತಿಯೊಂದು ಸಾಮಾನಿಗೂ ಒಂದು ಜಾಗ, ಒಂದು ಲೆಕ್ಕ ಆಗ್ಬೇಕು ಅಂತ. ಅದನ್ನ ಮಾಡಿ ಮುಗಿಸೋಕೆ ನಾಲ್ಕು ತಿಂಗಳು ಹಿಡೀತು, ಎರಡು ಸಲ ಪೂರ್ತಿ ಕೆಡವಿ ಮತ್ತೆ ಕಟ್ಟಿದ್ವಿ.

ಮೊದಲನೇ ಕೆಲಸ ಎಲ್ಲಾ ಹೊರಗೆ ತೆಗೆಯೋದು. ಎಲ್ಲಾ ಅಂದ್ರೆ ಎಲ್ಲಾನೂ. ನಮ್ಮದು 33 ಅಡಿ ಫೈಬರ್ ಹಾಯಿದೋಣಿ, ನೋಡೋಕೆ ಪುಟ್ಟದು, ಆದ್ರೆ ಕುತ್ಕೊಳ್ಳೋ ಬೆಂಚಿನ ಕೆಳಗೆ, ಬೆಂಚಿನ ಹಿಂದೆ, ಮೆಟ್ಟಿಲ ಹಿಂದೆ, ನೆಲದ ಹಲಗೆ ಕೆಳಗಿನ ಬಿಲ್ಜಲ್ಲಿ (ನೀರು ಸೇರೋ ಬೋಟಿನ ತಳ), ಎಲ್ಲಿ ಕೈ ಹಾಕಿದ್ರೂ ಒಂದು ಗೂಡು, ಅಂದ್ರೆ ಲಾಕರ್. ಎಲ್ಲಾ ಜೆಟ್ಟಿ ಮೇಲೆ ಟಾರ್ಪಾಲ್ ಹಾಸಿ ಇಟ್ವಿ. ಒಂದೊಂದನ್ನೂ ತೂಕದ ಕೊಕ್ಕೆಗೆ ನೇತಾಕಿ ತೂಗಿದ್ವಿ, ಸಣ್ಣ ಸಾಮಾನನ್ನ ಡಬ್ಬಿ ಸಮೇತ. ಮುಗಿಯೋ ಹೊತ್ತಿಗೆ 412 ಸಾಲು, 640 ಕೆಜಿ. ಅದರಲ್ಲಿ ಲಂಗರಿನ ಚೈನ್ ಒಂದೇ 84 ಕೆಜಿ (8 ಎಂಎಂ ಚೈನ್ ಮೀಟರಿಗೆ ಸುಮಾರು 1.4 ಕೆಜಿ, ನಮ್ಮದು 60 ಮೀಟರ್). ನಮ್ಮ ಸೈಜಿನ ಬೋಟು ನೀರಲ್ಲಿ 1 ಸೆಂಟಿಮೀಟರ್ ಕೆಳಗಿಳಿಯೋಕೆ ಅಂದಾಜು 150ರಿಂದ 170 ಕೆಜಿ ಸಾಕು, ಅಂದ್ರೆ ಈ ಸಾಮಾನೆಲ್ಲಾ ಸೇರಿ ಬೋಟನ್ನ ನಾಲ್ಕು ಸೆಂಟಿಮೀಟರ್ ಮುಳುಗಿಸಿತ್ತು. ಖಾಲಿ ಬೋಟು ಮೇಲೆದ್ದಾಗ ಪಾಚಿ ಗೆರೆ ಎದ್ದು ಕಾಣ್ತಿತ್ತು. ಅದನ್ನ ನೋಡಿದ ಮೇಲೆ "ಇರ್ಲಿ ಬಿಡು, ಬೇಕಾಗ್ಬಹುದು" ಅನ್ನೋ ಮಾತು ಇಬ್ಬರ ಬಾಯಲ್ಲೂ ಕಮ್ಮಿ ಆಯ್ತು, 70 ಕೆಜಿ ಸಾಮಾನು ವಾಪಸ್ ಬೋಟಿಗೆ ಹೋಗ್ಲೇ ಇಲ್ಲ.

ಆಮೇಲೆ ಜಾಗಗಳಿಗೆ ಹೆಸರಿಡೋದು. ನಾವು ಅಲ್ಲಿವರೆಗೂ "ಎಡಗಡೆ ಬೆಂಚ್ ಕೆಳಗೆ" ಅಂತ ಹೇಳ್ತಿದ್ವಿ, ಅದು ಮೂತಿ ಕಡೆ ಮುಖ ಮಾಡಿ ನಿಂತಾಗ ಎಡ, ಮೆಟ್ಟಿಲಿಳಿದು ಹಿಂದಕ್ಕೆ ತಿರುಗಿದ್ರೆ ಬಲ. ಅಮೆರಿಕದ ನೌಕಾಪಡೆ ಹಡಗುಗಳಲ್ಲಿ ಕೋಣೆಗಳಿಗೆ ನಂಬರ್ ಕೊಡೋ ಒಂದು ಪದ್ಧತಿ ಇದೆ, ಮೂತಿ ಕಡೆ ನೋಡ್ತಾ ನಿಂತ್ರೆ ಬಲಗಡೆ ಎಲ್ಲಾ ಬೆಸ ಸಂಖ್ಯೆ, ಎಡಗಡೆ ಎಲ್ಲಾ ಸಮ ಸಂಖ್ಯೆ, ಸರೀ ನಡುಮಧ್ಯದಲ್ಲಿರೋದಕ್ಕೆ ಸೊನ್ನೆ. ಅದನ್ನೇ ಸ್ವಲ್ಪ ಬದಲಾಯಿಸಿ ತಗೊಂಡ್ವಿ. ಮೂತಿಯಿಂದ ಶುರು, ಬಲಕ್ಕೆ 1, 3, 5, ಎಡಕ್ಕೆ 2, 4, 6, ನಡುವಿನ ಬಿಲ್ಜ್ ಗುಂಡಿಗಳಿಗೆ ಮುಂದೆ ಸೊನ್ನೆ ಹಾಕಿ 01, 02, 03. ಒಟ್ಟು 31 ಜಾಗ ಆಯ್ತು. ಈಗ ಯಾರಾದ್ರೂ "13" ಅಂದ್ರೆ ಬಲಗಡೆ, ಅರ್ಧಕ್ಕಿಂತ ಹಿಂದೆ ಅಂತ ಕತ್ತಲಲ್ಲೂ ಕಾಲು ತಾನಾಗೇ ಆ ಕಡೆ ಹೋಗತ್ತೆ. ಆಳ ಇರೋ ಲಾಕರಿಗೆ ಮಾತ್ರ ಮೇಲೆ, ಕೆಳಗೆ, ಹಿಂದೆ ಅಂತ ಮೂರು ಅಕ್ಷರ ಸೇರಿಸಿದ್ವಿ, ಮೇ, ಕೆ, ಹಿಂ. ಅದಕ್ಕಿಂತ ಜಾಸ್ತಿ ಒಡೆದ್ರೆ ಯಾರ ನೆನಪಲ್ಲೂ ನಿಲ್ಲಲ್ಲ, ನಾವು ಮೊದಲನೇ ಸಲ ಐದೈದು ಪದರ ಮಾಡಿ ನೋಡಿ ಬಿಟ್ವಿ.

ಲೇಬಲ್ ವಿಷಯ ಸಣ್ಣದು ಅನ್ಕೊಂಡಿದ್ದೆ, ಅದಕ್ಕೇ ಒಂದು ತಿಂಗಳು ಹೋಯ್ತು. ಪೇಪರಲ್ಲಿ ಪ್ರಿಂಟ್ ತೆಗೆದು ಮೇಲೆ ಸೆಲ್ಲೋಟೇಪ್ ಹಾಕಿದ್ದು ಮೂರು ವಾರಕ್ಕೆ ಒಳಗಿಂದ ಬೂಷ್ಟು ಹಿಡೀತು. ಬಿಲ್ ಪ್ರಿಂಟ್ ಮಾಡೋ ಥರದ ಶಾಖದ ಲೇಬಲ್ ಇಂಜಿನ್ ಪಕ್ಕದ ಲಾಕರಲ್ಲಿ ಪೂರ್ತಿ ಕಪ್ಪಾಗೋಯ್ತು, ಬಿಸಿ ತಾಗಿದ್ರೆ ಕಪ್ಪಾಗೋದೇ ಅದರ ಗುಣ, ಅದು ನಮಗೆ ಮೊದಲೇ ಹೊಳೀಬೇಕಿತ್ತು. ಪರ್ಮನೆಂಟ್ ಮಾರ್ಕರ್ ಒಳಗಡೆ ಚೆನ್ನಾಗಿ ನಿಲ್ಲತ್ತೆ, ಬಿಸಿಲು ಬೀಳೋ ಕಡೆ ಕೆಲವೇ ತಿಂಗಳಲ್ಲಿ ಮಾಸತ್ತೆ. ಕೊನೆಗೆ ನಿಂತಿದ್ದು ಮೇಲೊಂದು ಪ್ಲಾಸ್ಟಿಕ್ ಪದರ ಇರೋ ಲ್ಯಾಮಿನೇಟೆಡ್ ಟೇಪ್, ಬಿಳಿ ಮೇಲೆ ಕಪ್ಪು, 24 ಎಂಎಂ ಅಗಲ. ಅಂಟೋದು ಮಾತ್ರ ಜಾಗ ರೆಡಿ ಮಾಡಿದ್ರೆ ಅಷ್ಟೇ: ಲಾಕರಿನ ಒಳಗೋಡೆ ಒರಟಾಗಿರತ್ತೆ, 240 ನಂಬರ್ ಉಜ್ಜೋ ಕಾಗದದಲ್ಲಿ ಅಂಗೈಯಗಲ ನುಣ್ಣಗೆ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಎರಡು ಸಲ ಒರೆಸಿ, ಟೇಪಿನ ನಾಲ್ಕು ಮೂಲೆ ಕತ್ತರಿಲಿ ದುಂಡಗೆ ಮಾಡಿ ಅಂಟಿಸ್ಬೇಕು. ಚೂಪು ಮೂಲೆ ಬಿಟ್ರೆ ಹಗ್ಗವೋ ಬಟ್ಟೆಯೋ ತಾಗಿ ಅಲ್ಲಿಂದಲೇ ಎದ್ದೇಳತ್ತೆ.

ಈಗ ದೊಡ್ಡ ತಪ್ಪಿಗೆ ಬರ್ತೀನಿ. ಲೆಕ್ಕವನ್ನ ನಾನು ಪೂರ್ತಿ ಫೋನಿಗೆ ಹಾಕಿದ್ದೆ. ಪ್ರತಿ ಡಬ್ಬಿ ಮೇಲೂ ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದ್ರೆ ಒಳಗೇನಿದೆ ಅಂತ ಬರತ್ತೆ, ಒಂದು ತೆಗೆದ್ರೆ ಅಲ್ಲೇ ಒಂದು ಕಳಿಯೋದು. ನೆಟ್ ಇರಲ್ಲ ಅಂತ ಬೋಟಲ್ಲೇ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಸಣ್ಣ ಕಂಪ್ಯೂಟರ್) ಇಟ್ಟು ಅದರಲ್ಲಿ ಡೇಟಾಬೇಸ್ ಓಡಿಸಿದೆ. ಕ್ಯೂಆರ್ ಕೋಡಿನ ಬಗ್ಗೆ ನನಗೆ ಒಂದು ದೂರೂ ಇಲ್ಲ, 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ‌ನವರು ಕಾರಿನ ಬಿಡಿಭಾಗದ ಲೆಕ್ಕ ಇಡೋಕೆ ಅಂತಲೇ ಮಾಡಿದ್ದು ಅದು, ಅತಿ ಹೆಚ್ಚು ತಿದ್ದುಪಡಿ ಇರೋ ಎಚ್ ಲೆವೆಲಲ್ಲಿ ಪ್ರಿಂಟ್ ಮಾಡಿದ್ರೆ ಸುಮಾರು 30% ಹಾಳಾದ್ರೂ ಓದತ್ತೆ, ಗ್ರೀಸ್ ಮೆತ್ತಿದ ಡಬ್ಬೀನೂ ಓದ್ತು. ಪೈ 3 ವ್ಯಾಟ್ ಎಳೀತಾ ಇತ್ತು, ದಿನಕ್ಕೆ 72 ವ್ಯಾಟ್ ಅವರ್, 12 ವೋಲ್ಟಲ್ಲಿ 6 ಆಂಪ್ ಅವರ್. ನಮ್ಮ ಲೆಡ್ ಆಸಿಡ್ ಬ್ಯಾಟರಿ 200 ಆಂಪ್ ಅವರ್, ಅದರಲ್ಲಿ ಅರ್ಧ ಮಾತ್ರ ಬಳಸ್ತೀವಿ, ಡಬ್ಬಿ ಲೆಕ್ಕಕ್ಕೆ ದಿನಾ 6 ಕೊಡೋದು ನನಗೆ ಮನಸ್ಸಿಗೆ ಒಪ್ಲಿಲ್ಲ. ಆದ್ರೂ ನಡೆಸ್ತಿದ್ದೆ.

ಅದು ಕೆಟ್ಟಿದ್ದು ಬೇರೆ ಕಡೆ. ಎರಡು ತಿಂಗಳಾದ ಮೇಲೆ ಒಂದಿಡೀ ದಿನ ಕೂತು ಲಾಕರಲ್ಲಿರೋದನ್ನ ಲೆಕ್ಕದ ಜೊತೆ ಹೊಂದಿಸಿ ನೋಡಿದೆ. ಬಟ್ಟೆ, ಪುಸ್ತಕ, ಔಷಧಿ, ಎಲ್ಲಾ ಸರಿ ಇದೆ. ಹೋಸ್ ಕ್ಲಿಪ್, ಶ್ಯಾಕಲ್, ಸ್ಪ್ಲಿಟ್ ಪಿನ್, ಫ್ಯೂಸ್, ಡೀಸೆಲ್ ಫಿಲ್ಟರ್, ಇವು ಒಂದೂ ಸರಿ ಇಲ್ಲ. ಯೋಚನೆ ಮಾಡಿದ್ರೆ ಸಹಜವೇ, ಇವನ್ನೆಲ್ಲಾ ತೆಗೆಯೋದು ಏನೋ ಮುರಿದಾಗ, ಕೈಯಲ್ಲಿ ಡೀಸೆಲ್ಲೋ ಉಪ್ಪುನೀರೋ ಇರೋವಾಗ, ಬೋಟು ವಾಲಿರೋವಾಗ. ಆ ಹೊತ್ತಲ್ಲಿ ಫೋನ್ ಯಾರು ಮುಟ್ತಾರೆ. ಮುಟ್ಟಿದ್ರೂ ಉಪ್ಪುನೀರಿನ ಬೆರಳಿಗೆ ಸ್ಕ್ರೀನ್ ಬಗ್ಗಲ್ಲ. ಆಮೇಲೆ ಬರೆದ್ರಾಯ್ತು ಅಂತ ಬಿಡ್ತೀವಿ, ಆಮೇಲೆ ಅನ್ನೋದು ಬರೋದೇ ಇಲ್ಲ, ಯಾಕಂದ್ರೆ ರಿಪೇರಿ ಮುಗಿದಾಗ ಸುಸ್ತಾಗಿ ಮಲಗಿರ್ತೀವಿ. ತಮ್ಮನೇ ಅವತ್ತು ಅಂದಿದ್ದು, "ಅಣ್ಣಾ, ತೆಗೆದ ಕೈಲೇ ಬರೆಯೋ ಹಾಗಿರ್ಬೇಕು, ಕೈ ತೊಳೆಯೋಕೂ ಮುಂಚೆ." ಲೆಕ್ಕ ತಪ್ಪೋದು ಇಡೋವಾಗಲ್ಲ, ತೆಗೆಯೋವಾಗ. ಇದು ಅರ್ಥ ಆದ ಮೇಲೆ ಪೈ ಬಿಚ್ಚಿಟ್ಟೆ, ಹೊಸದಾಗಿ ಶುರು ಮಾಡಿದ್ವಿ.

ಸ್ಕೂಬಾ ಡೈವ್ ಮಾಡೋರು ನೀರೊಳಗೆ ಬರೆಯೋ ಬಿಳೀ ಪ್ಲಾಸ್ಟಿಕ್ ಪಲಕ ಗೊತ್ತಿರಬಹುದು, ಅದರ ಮೇಲೆ ಮಾಮೂಲಿ ಪೆನ್ಸಿಲಲ್ಲೇ ಬರೀತಾರೆ. ಅದನ್ನೇ ಮಾಡಿದ್ವಿ. 2 ಎಂಎಂ ದಪ್ಪದ ಬಿಳೀ ಪಿವಿಸಿ ಹಾಳೆ ತಗೊಂಡು 10 ಸೆಂಟಿಮೀಟರ್ ಅಗಲ 15 ಉದ್ದಕ್ಕೆ ಕತ್ತರಿಸಿ, ಅಂಚು ಅರ ಹಾಕಿ ಕೈಗೆ ಕುಯ್ಯದ ಹಾಗೆ ಮಾಡಿದ್ವಿ. ಹಾಳೆ ಬಂದಾಗ ಹೊಳೀತಾ ಇರತ್ತೆ, ಪೆನ್ಸಿಲ್ ಜಾರತ್ತೆ. 400 ನಂಬರ್ ವಾಟರ್ ಪೇಪರನ್ನ ನೀರಲ್ಲಿ ಅದ್ದಿ ಸುತ್ತುಸುತ್ತಾಗಿ ಉಜ್ಜಬೇಕು, ಒಂದೇ ದಿಕ್ಕಿಗೆ ಉಜ್ಜಿದ್ರೆ ಅಕ್ಷರ ಗೀರುಗೀರು ಬರತ್ತೆ. ಎರಡು ನಿಮಿಷಕ್ಕೆ ಹೊಳಪು ಹೋಗಿ ಮೊಟ್ಟೆ ಸಿಪ್ಪೆ ಥರ ಮಂಕಾಗತ್ತೆ, ಬೆರಳು ಆಡಿಸಿದ್ರೆ ಸಣ್ಣ ತಡೆ ಸಿಗತ್ತೆ, ಅಲ್ಲಿಗೆ ನಿಲ್ಲಿಸಿ. ಮೊದಲು 120ರಲ್ಲಿ ಉಜ್ಜಿ ನೋಡಿದ್ವಿ, ಅದರಲ್ಲಿ ಗ್ರೀಸ್ ಕೂತ್ಕೊಂಡ್ರೆ ಹೋಗೋದೇ ಇಲ್ಲ. 2ಬಿ ಪೆನ್ಸಿಲ್ ಬೆಸ್ಟ್, ಒದ್ದೆ ಇದ್ರೂ ಬರೆಯತ್ತೆ, ಎಣ್ಣೆ ಕೈ ತಾಗಿದ್ರೆ ಸ್ವಲ್ಪ ಹರಡತ್ತೆ ಅಷ್ಟೆ, ರಬ್ಬರಲ್ಲಿ ಉಜ್ಜಿದ್ರೆ ಹೋಗತ್ತೆ. ಕಾಲಂ ಗೆರೆಗಳನ್ನ ಅಳಿಸಿಹೋಗದ ಹಾಗೆ ಸೂಜಿಲಿ ಗೀಚಿ ಮಾರ್ಕರ್ ತುಂಬಿದ್ವಿ.

ಪೆನ್ಸಿಲ್ ಕಟ್ಟೋದೂ ಒಂದು ಕೆಲಸವೇ. ಅರ್ಧಕ್ಕೆ ಮುರಿದು, ಬಾಲದ ಕಡೆ ಚಾಕುಲಿ ಸುತ್ತ ಒಂದು ಕಚ್ಚು ಹಾಕಿ, ಆ ಕಚ್ಚಲ್ಲಿ ಹಾಯಿ ಹೊಲಿಯೋ ಮೇಣದ ದಾರ ಬಿಗಿದು ಪಲಕದ ತೂತಿಗೆ ಕಟ್ಟಿದ್ವಿ. ಕಚ್ಚು ಹಾಕದೆ ಕಟ್ಟಿದ್ದು ಮೂರೂ ಪೆನ್ಸಿಲ್ ಒಂದೇ ವಾರದಲ್ಲಿ ಬಿಲ್ಜಿಗೆ ಬಿದ್ದಿದ್ವು. ಪಲಕ ಲಾಕರ್ ಮುಚ್ಚಳದ ಒಳಮೈಗೆ, ಮುಚ್ಚಳ ಎತ್ತಿದ ತಕ್ಷಣ ಕಣ್ಣಿಗೆ ಕಾಣೋ ಹಾಗೆ. ಸಾಮಾನಿನ ಹೆಸರು, ಪಕ್ಕದಲ್ಲಿ ಕಡ್ಡಿ ಗೆರೆ. 4 ಇದ್ರೆ ನಾಲ್ಕು ಗೆರೆ, ಒಂದು ತೆಗೆದ್ರೆ ಒಂದು ಗೆರೆ ಮೇಲೆ ಅಡ್ಡಗೀರು. ಅಂಕಿ ಅಳಿಸಿ ಬರೆಯೋದಕ್ಕಿಂತ ಇದು ಬೇಗ, ಕೈ ಅಲ್ಲಾಡ್ತಿದ್ರೂ ಆಗತ್ತೆ, ಏನೇನು ಹೋಯ್ತು ಅನ್ನೋದೂ ಉಳಿಯತ್ತೆ. ಭಾನುವಾರ ಬೆಳಿಗ್ಗೆ ಎಲ್ಲಾ ಪಲಕದ ಫೋಟೋ ತೆಗೆದು ಕೂತು ಫೋನಿನ ಸ್ಪ್ರೆಡ್‌ಶೀಟಿಗೆ ಹಾಕ್ತೀನಿ, ಅರ್ಧ ಗಂಟೆ ಕೆಲಸ. ಶೀಟಿನ ಎರಡು ಪ್ರಿಂಟ್ ಚಾರ್ಟ್ ಟೇಬಲಲ್ಲಿ ಪ್ಲಾಸ್ಟಿಕ್ ಕವರೊಳಗೆ ಇರತ್ತೆ, ಒಂದು ಜಾಗದ ಪ್ರಕಾರ, ಇನ್ನೊಂದು ಅಕ್ಷರಮಾಲೆ ಪ್ರಕಾರ. ಫೋನ್ ಸತ್ರೂ ನಡೆಯತ್ತೆ.

ಶೀಟಲ್ಲಿ ನಾನು ಕಡೆಗೆ ಉಳಿಸಿಕೊಂಡ ಕಾಲಂಗಳು ಇಷ್ಟು: ಜಾಗ, ಸಾಮಾನು, ಪಾರ್ಟ್ ನಂಬರ್, ಎಷ್ಟಿದೆ, ಕನಿಷ್ಠ ಎಷ್ಟಿರಬೇಕು, ಅವಧಿ ಮುಗಿಯೋ ದಿನ, ತೂಕ. ಅವಧಿ ಕಾಲಂ ನನಗೆ ಗೊತ್ತಿಲ್ಲದಿದ್ದ ಎಷ್ಟೋ ವಿಷಯ ಕಲಿಸಿತು. ಅಪಾಯದ ಸಿಗ್ನಲ್ ಕೊಡೋ ಫ್ಲೇರ್‌ಗಳು ಸಾಮಾನ್ಯವಾಗಿ ತಯಾರಾಗಿ ಮೂರು ಮೂರೂವರೆ ವರ್ಷಕ್ಕೆ ಮುಗೀತವೆ, ನಮ್ಮ 6ರಲ್ಲಿ 4 ಮುಗಿದಿದ್ವು. ಪಾಲಿಯುರೆಥೇನ್ ಸೀಲೆಂಟ್ ಟ್ಯೂಬ್ ತೆಗೆಯದೇ ಇಟ್ರೂ ಸುಮಾರು ಒಂದು ವರ್ಷ, ಆಮೇಲೆ ಒಳಗೇ ಕಲ್ಲಾಗತ್ತೆ, ಅದಕ್ಕೇ ಈಗ ಒಂದಕ್ಕಿಂತ ಜಾಸ್ತಿ ಇಡಲ್ಲ. ತಾನಾಗೇ ಉಬ್ಬೋ ಲೈಫ್ ಜಾಕೆಟ್ ವಿಷಯ ಮಾತ್ರ ಎಲ್ಲರೂ ಮಾಡಲೇಬೇಕು. ಅದರೊಳಗೆ ಸಾಮಾನ್ಯವಾಗಿ 33 ಗ್ರಾಂ ಇಂಗಾಲದ ಡೈ ಆಕ್ಸೈಡ್ ತುಂಬಿದ ಸಣ್ಣ ಸಿಲಿಂಡರ್ ಇರತ್ತೆ, ಮೈಮೇಲೆ ಕನಿಷ್ಠ ಇಷ್ಟು ತೂಗಬೇಕು ಅಂತ ಒತ್ತಿರತ್ತೆ. ಕೈಲಿ ತಿರುಗಿಸಿ ಬಿಚ್ಚಿ ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲಿಡೋದು, ಅಷ್ಟೆ. ನಮ್ಮ ನಾಲ್ಕರಲ್ಲಿ ಒಂದು 9 ಗ್ರಾಂ ಕಮ್ಮಿ ತೂಗಿತು. ಹೊರಗಿಂದ ಮೂರಕ್ಕೂ ಅದಕ್ಕೂ ಏನೂ ವ್ಯತ್ಯಾಸ ಇರ್ಲಿಲ್ಲ, ಬಾಯಿ ಹತ್ರ ಸಾಸಿವೆ ಕಾಳಷ್ಟು ತುಕ್ಕು. ಆ ಜಾಕೆಟ್ ತಮ್ಮ ಹಾಕ್ಕೊಳ್ಳೋದು. ಅವತ್ತು ತಕ್ಕಡಿ ಮುಂದೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ತೂಕದ ಕಾಲಂ ಇನ್ನೊಂದು ಕಡೆ ಉಪಯೋಗಕ್ಕೆ ಬಂತು. ಬೆಸ ನಂಬರ್ ಜಾಗಗಳನ್ನ ಕೂಡಿದೆ, ಸಮ ನಂಬರ್ ಕೂಡಿದೆ, ಬಲಗಡೆ 46 ಕೆಜಿ ಜಾಸ್ತಿ. ಬೋಟು ಬಲಕ್ಕೆ ಒಂಚೂರು ವಾಲಿರತ್ತೆ ಅಂತ ವರ್ಷಗಳಿಂದ ಅನ್ಕೊಳ್ತಿದ್ವಿ. ಭಾರದ್ದೆಲ್ಲಾ ಮೂತಿ ಮತ್ತು ಬಾಲದಿಂದ ತೆಗೆದು ನಡುವಿಗೆ, ಕೆಳಕ್ಕೆ ತಂದ್ವಿ, ಅಲೆಯಲ್ಲಿ ಮೂತಿ ಕುಣಿಯೋದು ಕಮ್ಮಿ ಆಯ್ತು. ಇದೇ ಉತ್ಸಾಹದಲ್ಲಿ 18 ಕೆಜಿ ಟೂಲ್ ಬಾಕ್ಸನ್ನ 13ರಿಂದ ಎಡಗಡೆ 8ಕ್ಕೆ ಹಾಕಿದ್ವಿ, ಮುಂದಿನ ಸಲ ಹೊರಟಾಗ ಆಟೋಪೈಲಟ್ ಕೊಟ್ಟ ದಿಕ್ಕು ಬಿಟ್ಟು 12 ಡಿಗ್ರಿ ಆಚೆ ಹೋಗ್ತಾ ಇದೆ. ಅದರ ದಿಕ್ಸೂಚಿ ಸೆನ್ಸರ್ 8ರ ಹಿಂದಿನ ಗೋಡೆಗೇ ಕೂತಿತ್ತು. ಅದರ ಸುತ್ತ ಸುಮಾರು 1 ಮೀಟರ್ ಕಬ್ಬಿಣ ಇರಬಾರದು, ಸ್ಪೀಕರ್ ಇರಬಾರದು, ಉಕ್ಕಿನ ಆಹಾರದ ಟಿನ್‌ಗಳೂ ಇರಬಾರದು. ಈಗ 6, 8, 10ರ ಪಲಕದ ತಲೆಮೇಲೆ ಕೆಂಪಲ್ಲಿ "ಕಬ್ಬಿಣ ಬೇಡ" ಅಂತ ಬರೆದಿದೆ, ಅಲ್ಲಿ ಬಟ್ಟೆ ಮತ್ತು ಹಾಸಿಗೆ ಮಾತ್ರ. ಟೂಲ್ ಬಾಕ್ಸ್ 16ಕ್ಕೆ ಹೋಯ್ತು.

ಟಿನ್‌ಗಳ ಕಾಗದದ ಲೇಬಲ್ ಬೋಟಿಗೆ ಬರೋಕೆ ಮುಂಚೆಯೇ ಕಿತ್ತು ಮುಚ್ಚಳದ ಮೇಲೆ ಮಾರ್ಕರಲ್ಲಿ ಏನಿದೆ, ಯಾವ ತಿಂಗಳವರೆಗೆ ಅಂತ ಬರೀರಿ. ಒದ್ದೆಯಾದ ಲೇಬಲ್ ಕಳಚಿ ಬಿಲ್ಜ್ ಪಂಪಿನ ಜಾಲರಿಗೆ ಅಂಟ್ಕೊಂಡ್ರೆ ನೀರು ಹೊರಗೆ ಹೋಗಲ್ಲ, ಅದು ಬರೀ ಲೆಕ್ಕದ ವಿಷಯ ಅಲ್ಲ. ರಟ್ಟಿನ ಪೆಟ್ಟಿಗೇನೂ ಒಳಗೆ ತರಬೇಡಿ, ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಬರತ್ತೆ.

ಕೊನೇ ಬದಲಾವಣೆ, ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು. ಸ್ಪೇರ್‌ಗಳನ್ನ ಜಾತಿ ಪ್ರಕಾರ ಇಡೋದು ಬಿಟ್ಟು ಕೆಲಸದ ಪ್ರಕಾರ ಗಂಟು ಕಟ್ಟಿದ್ವಿ. ಎಲ್ಲಾ ಗ್ಯಾಸ್ಕೆಟ್ ಒಂದು ಕಡೆ, ಎಲ್ಲಾ ಸ್ಕ್ರೂ ಒಂದು ಕಡೆ ಇದ್ರೆ ನೋಡೋಕೆ ಚಂದ, ಆದ್ರೆ ರಿಪೇರಿ ಹೊತ್ತಲ್ಲಿ ಐದು ಲಾಕರ್ ತೆಗೀಬೇಕು. ಈಗ "ಇಂಪೆಲರ್" ಅಂತ ಬರೆದ ಒಂದು ಜಿಪ್ ಕವರ್: ಇಂಪೆಲರ್, ಗ್ಯಾಸ್ಕೆಟ್ 2, ಪಂಪಿನ ಮುಚ್ಚಳದ ಸ್ಕ್ರೂ 6 (ಒಂದಾದ್ರೂ ಬಿಲ್ಜಿಗೆ ಬೀಳತ್ತೆ), ಆ ಸ್ಕ್ರೂಗೆ ಸರಿಯಾಗಿ ಕೂರೋ ಗಿಡ್ಡ ಸ್ಕ್ರೂಡ್ರೈವರ್, ಹಚ್ಚೋಕೆ ಗ್ಲಿಸರಿನ್ ಸಣ್ಣ ಟ್ಯೂಬ್, ರೆಕ್ಕೆ ಯಾವ ಕಡೆ ಬಾಗಿರಬೇಕು ಅಂತ ತೋರಿಸೋ ಫೋಟೋ. ಅಂಥ ಗಂಟು 9 ಆಗಿವೆ. ಡೀಸೆಲ್ ಫಿಲ್ಟರ್ ಮತ್ತು ಗಾಳಿ ತೆಗೆಯೋದು, ಬೆಲ್ಟ್, ಹಾಯಿ ಹರಿದ್ರೆ, ಹೀಗೆ. ನೀರು ಒಳಬರೋ ಪ್ರತಿ ವಾಲ್ವಿನ ಪಕ್ಕ ಮೊನಚು ಮರದ ಬಿರಡೆ ದಾರದಲ್ಲಿ ಕಟ್ಟಿದೆ, ಅದು ಯಾವ ಲಾಕರಿಗೂ ಸೇರಲ್ಲ, ಹೋಸ್ ಕಿತ್ಕೊಂಡಾಗ ಲಾಕರ್ ತೆಗೆಯೋಕೆ ಟೈಮ್ ಇರಲ್ಲ.

ಹೋದ ತಿಂಗಳು ಮತ್ತೆ ಇಂಪೆಲರ್ ಬದಲಾಯಿಸಿದ್ವಿ, ಈ ಸಲ ಮುರಿಯೋಕೆ ಕಾಯದೆ. "ಹನ್ನೊಂದು, ಮೇ" ಅಂದೆ, ತಮ್ಮ ಕವರ್ ತೆಗೆದ, ಮುಚ್ಚಳ ಮುಚ್ಚೋಕೆ ಮುಂಚೆ ಗೆರೆ ಮೇಲೆ ಅಡ್ಡ ಗೀರಿದ. ಒಟ್ಟು 14 ನಿಮಿಷ.

ಬಾಕಿ ಇರೋದು ಕಾಕ್‌ಪಿಟ್ಟಿನ (ಚುಕ್ಕಾಣಿ ಹತ್ರ ಕೂರೋ ಜಾಗ) ದೊಡ್ಡ ಲಾಕರ್, 17. ಹಗ್ಗ, ಫೆಂಡರ್ (ಬೋಟು ಜೆಟ್ಟಿಗೆ ಉಜ್ಜದ ಹಾಗೆ ನೇತಾಕೋ ಮೆತ್ತೆ), ಡೀಸೆಲ್ ಕ್ಯಾನ್, ಎರಡನೇ ಲಂಗರು ಎಲ್ಲಾ ಒಂದರ ಮೇಲೊಂದು. ಪಲಕ ಹಾಕಿದೆ, ಆದ್ರೆ ಅಲ್ಲಿ ತೊಂದ್ರೆ ಲೆಕ್ಕದ್ದಲ್ಲ, ಬೇಕಾದ ಹಗ್ಗ ಯಾವಾಗ್ಲೂ ತಳದಲ್ಲೇ ಇರತ್ತೆ. ಒಂದೊಂದು ಹಗ್ಗದ ಸುರುಳಿಗೂ ಉದ್ದ ಮತ್ತು ದಪ್ಪ ಬರೆದ ತಗಡು ಕಟ್ಟಿ ಗೋಡೆ ಮೇಲೆ ಕೊಕ್ಕೆಗೆ ತೂಗುಹಾಕೋ ಯೋಚನೆ ಇದೆ, ಕೊಕ್ಕೆಗೋಸ್ಕರ ಬೋಟಿನ ಮೈಗೇ ತೂತು ಕೊರೆಯೋಕೆ ನನಗೆ ಇಷ್ಟ ಇಲ್ಲ, ಹಾಗಾಗಿ ಮರದ ಪಟ್ಟಿಯೊಂದನ್ನ ಎಪಾಕ್ಸಿಲಿ ಅಂಟಿಸಿ ಅದಕ್ಕೆ ಕೊಕ್ಕೆ ಹೊಡೀತೀವಿ. ಪಟ್ಟಿ ಕತ್ತರಿಸಿ ಆಗಿದೆ, 120ರಲ್ಲಿ ಗೋಡೆ ಉಜ್ಜೋದು ಈ ಭಾನುವಾರ, ಪಲಕದ ಫೋಟೋ ತೆಗೆದಾದ ಮೇಲೆ.